ಗ್ರಂಥಪಾಲನ ಶಿಕ್ಷಣವೂ ಕಲಬುರಗಿಯ ಹಳ್ಳಿಗಳೂ

ಕಲಬುರಗಿಯಿಂದ ಅಫಜಲಪುರದ ಕಡೆಗೆ ಹೊರಟವನಿಗೆ ನಗರದ ಗಲಭೆ ಹಿಂದೆ ಸರಿಯುವಷ್ಟರಲ್ಲಿಯೇ ಶರಣಸಿರಸಗಿ ಎದುರಾಗುತ್ತದೆ. ಹುಮನಾಬಾದಿನ ದಾರಿ ಹಿಡಿದವನು ಮಹಾಗಾಂವ ಕ್ರಾಸನ್ನು ದಾಟಿ, ಕೆಂಪು ಬಾಳೆಗೆ ಹೆಸರಾಗಿ ಈಚಿನ ವರ್ಷಗಳಲ್ಲಿ ತಾಲ್ಲೂಕಿನ ಪದವಿಯನ್ನೂ ಪಡೆದ ಕಮಲಾಪುರವನ್ನು ಸೇರುತ್ತಾನೆ. ಶರಣಸಿರಸಗಿ, ಕಮಲಾಪುರಗಳ ನಡುವಣ ನೆಲವನ್ನು ಪುಸ್ತಕಗಳ ದೃಷ್ಟಿಯಿಂದ ನೋಡಿದರೆ, ಅದು ಹೊರಗಿನವರು ಊಹಿಸುವಷ್ಟು ಬಡವಾದ ನೆಲವಲ್ಲ. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯವೂ ಇದೆ, ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನವನ್ನು ಬೋಧಿಸುವ ವಿಭಾಗವೂ ಇದೆ. ಆಳಂದದ ದಾರಿಯ ಕಡಗಂಚಿಯಲ್ಲಿ 2009ರಿಂದೀಚೆಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂದಿದೆ. ನಗರದೊಳಗೆಯೇ ಶರಣಬಸವ ವಿಶ್ವವಿದ್ಯಾಲಯ, ಖಾಜಾ ಬಂದೇನವಾಜ್ ವಿಶ್ವವಿದ್ಯಾಲಯಗಳಿವೆ. ಸೂಫಿ ಸಂತ ಬಂದೇನವಾಜರ ದರ್ಗಾದಲ್ಲಿ ಪಾರಸಿ, ಅರಬ್ಬಿ, ಉರ್ದು ಹಸ್ತಪ್ರತಿಗಳ ಸಂಗ್ರಹವಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಗರ ಗ್ರಂಥಾಲಯಗಳಿವೆ. ಇವೆಲ್ಲಕ್ಕೂ ಕೊನೆಯಲ್ಲಿ, ಆದರೆ ಸಂಖ್ಯೆಯಲ್ಲಿ ಎಲ್ಲಕ್ಕೂ ಮಿಗಿಲಾಗಿ, ಹಳ್ಳಿಯ ಜನರು ಮೊನ್ನೆಮೊನ್ನೆಯವರೆಗೆ ವಾಚನಾಲಯವೆಂದು ಕರೆಯುತ್ತಿದ್ದ, ಈಗ ಅರಿವು ಕೇಂದ್ರವೆಂಬ ಫಲಕ ಹೊತ್ತ ಗ್ರಾಮ ಪಂಚಾಯಿತಿಯ ಪುಸ್ತಕಾಲಯಗಳಿವೆ. ಇಷ್ಟು ಬಗೆಯ ಭಂಡಾರಗಳು ಒಂದೇ ದಿನದ ಪ್ರಯಾಣದೊಳಗೆ ಒದಗಿರುವಾಗ, ಇವುಗಳನ್ನು ಕಾಯುವವರು ಒಬ್ಬರನ್ನೊಬ್ಬರು ಕಾಣುವುದಾಗಲಿ, ಒಬ್ಬರಿಂದೊಬ್ಬರು ಕಲಿಯುವುದಾಗಲಿ ಇಲ್ಲವೆನ್ನುವಷ್ಟು ವಿರಳವಾಗಿರುವುದು ವಿಚಿತ್ರ. ಈ ಲೇಖನಕ್ಕೆ ಕಾರಣವಾದುದು ಆ ವೈಚಿತ್ರ್ಯವೇ.

2019ರಲ್ಲಿ ರಾಜ್ಯ ಸರ್ಕಾರವು ಗ್ರಾಮೀಣ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಬಿಡಿಸಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಕೊಟ್ಟಿತು. ಐದು ಸಾವಿರಕ್ಕೂ ಮಿಕ್ಕ ಆ ಗ್ರಂಥಾಲಯಗಳ ಪೈಕಿ ಅನೇಕವು ಅಂದಿನಿಂದ ಸುಣ್ಣಬಣ್ಣ ಕಂಡಿವೆ. 2020ರಲ್ಲಿ ಮೊದಲಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಉಚಿತವಾಗಿ ಸದಸ್ಯರಾಗಿ ಒಳಗೆ ಬಂದಿದ್ದಾರೆ. ಕಂಪ್ಯೂಟರು, ಟ್ಯಾಬು, ದೂರದರ್ಶನಗಳು ಬಂದಿವೆ. ಅದೇ ವರ್ಷ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೆಂಬ ಆನ್‌ಲೈನ್ ಭಂಡಾರವೂ ತೆರೆಯಿತು. ಇದನ್ನೆಲ್ಲ ಅಲ್ಪವೆಂದು ತಳ್ಳಿಹಾಕುವವನು ಹಿಂದಿನ ವಾಚನಾಲಯವನ್ನು, ಅದರ ಮುರಿದ ಬೆಂಚನ್ನೂ ಬೀಗ ಜಡಿದ ಕಪಾಟನ್ನೂ, ಕಾಣದವನೇ ಇರಬೇಕು. ಮೇಲ್ವಿಚಾರಕರಿಗೆ ತರಬೇತಿಗಳೂ ನಡೆದಿವೆ, ನಡೆಯುತ್ತಿವೆ. ನನ್ನ ತಕರಾರು ಆ ತರಬೇತಿಗಳ ಅಭಾವವನ್ನು ಕುರಿತದ್ದಲ್ಲ, ಅವುಗಳ ಕಲ್ಪನೆಯನ್ನು ಕುರಿತದ್ದು. ನಮ್ಮಲ್ಲಿ ಗ್ರಂಥಪಾಲನಿಗೆ ತಂತ್ರಜ್ಞಾನ ಕಲಿಸುವುದೆಂದರೆ ಯಂತ್ರವನ್ನು ನಡೆಸಲು ಕಲಿಸುವುದು ಎಂದೇ ಅರ್ಥವಾಗಿಬಿಟ್ಟಿದೆ: ಯಾವ ಗುಂಡಿ ಒತ್ತಬೇಕು, ಪಾಸ್‌ವರ್ಡ್ ಹೇಗೆ ಹಾಕಬೇಕು, ಹಾಜರಾತಿಯನ್ನೂ ಫೋಟೋವನ್ನೂ ಎಲ್ಲಿ ಏರಿಸಬೇಕು. ತನ್ನ ಊರಿನ ಜನ ಕೇಳುವ ಪ್ರಶ್ನೆಯನ್ನು ಅರ್ಥಮಾಡಿಕೊಂಡು, ಅದರ ಉತ್ತರ ಜಗತ್ತಿನಲ್ಲಿ ಎಲ್ಲಿದೆಯೆಂದು ಪತ್ತೆಮಾಡಿ, ಅದು ನಂಬತಕ್ಕದ್ದೇ ಎಂದು ತೂಗಿನೋಡಿ, ಕೇಳಿದವನ ಕೈಗೆ ಅವನ ಭಾಷೆಯಲ್ಲಿ ಒಪ್ಪಿಸುವುದು, ಮತ್ತು ನಾಳೆ ಇನ್ನೊಬ್ಬನು ಅದೇ ಪ್ರಶ್ನೆ ಕೇಳಿದಾಗ ಮೊದಲಿನಿಂದ ಹುಡುಕಬೇಕಾಗದಂತೆ ಬರೆದಿಡುವುದು, ಇದು ಗ್ರಂಥಪಾಲನ ನಿಜವಾದ ವಿದ್ಯೆ. ಜ್ಞಾನನಿರ್ವಹಣೆ ಎಂದು ದೊಡ್ಡ ಮಾತಿನಲ್ಲಿ ಕರೆಯುವುದೂ ಇದನ್ನೇ. ಅದು ಕಾರ್ಯಾಗಾರದ ಒಂದೆರಡು ದಿನಗಳಲ್ಲಿ ಬರುವುದಲ್ಲ.

ಕಲಬುರಗಿಯ ಸೀಮೆ ತೊಗರಿಯ ಕಣಜವೆಂದು ಖ್ಯಾತವಾದುದು. ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹೂ ಕಟ್ಟುವ ಕಾಲಕ್ಕೆ ಹೊಲದಲ್ಲಿ ಗಿಡಗಳು ಗುಂಪುಗುಂಪಾಗಿ ಬಾಡತೊಡಗಿದವು ಎಂದಿಟ್ಟುಕೊಳ್ಳೋಣ. ರೈತನು ಪಂಚಾಯಿತಿಗೆ ಬಂದವನು ಪಕ್ಕದ ಅರಿವು ಕೇಂದ್ರಕ್ಕೂ ಇಣುಕಿ, “ಹೊಲ್ದಾಗ ತೊಗರಿ ಒಣಗ್ಲತ್ಯಾದ ನೋಡವ್ವ, ಇದಕ್ಕೇನರೆ ಮದ್ದ್ ಅದೇನು?” ಎಂದು ಮೇಲ್ವಿಚಾರಕಿಯನ್ನು ಕೇಳುತ್ತಾನೆ. ಗುಂಡಿ ಒತ್ತುವುದನ್ನು ಮಾತ್ರ ಕಲಿತವಳು ‘ತೊಗರಿ ಒಣಗುವುದು’ ಎಂದು ಹುಡುಕಿ, ಮೊದಲು ಬಂದ ವಿಡಿಯೋವನ್ನು ತೋರಿಸುತ್ತಾಳೆ. ಅದು ಬಹುಮಟ್ಟಿಗೆ ಯಾವುದೋ ಔಷಧವನ್ನು ಮಾರುವವನ ವಿಡಿಯೋ ಆಗಿರುತ್ತದೆ. ತನ್ನ ವಿದ್ಯೆಯನ್ನು ಕಲಿತವಳಾದರೆ ಮೊದಲು ತಾನೇ ಕೇಳುತ್ತಾಳೆ: “ಯಾವ ಬೀಜ ಹಾಕೀರಿ ಕಾಕಾ? ಹ್ವಾದ ವರ್ಷನೂ ಆ ಹೊಲದಾಗ ತೊಗರಿನೇ ಇತ್ತೇನ್ರಿ? ಗಿಡ ಒಣಗ್ಯಾವೋ, ಇಲ್ಲಾ ಹಸುರಿದ್ದು ಹೂವೇ ಬಿಟ್ಟಿಲ್ಲೋ?” ಈ ಪ್ರಶ್ನೆಗಳು ಕುತೂಹಲಕ್ಕೆ ಕೇಳಿದವಲ್ಲ. ಗಿಡ ಹಸುರಾಗಿ ಪೊದೆಗಟ್ಟಿ ಹೂವನ್ನೇ ಬಿಡದಿದ್ದರೆ ಅದು ನುಸಿಯಿಂದ ಹರಡುವ ಗೊಡ್ಡು ರೋಗ. ಕಾಂಡದ ಮೇಲೆ ಬುಡದಿಂದ ನೇರಳೆ ಬಣ್ಣದ ಪಟ್ಟಿ ಏರಿ, ಸೀಳಿ ನೋಡಿದರೆ ಒಳಗು ಕಂದಾಗಿದ್ದರೆ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವ ಶಿಲೀಂಧ್ರದಿಂದ ಬರುವ ನೆಟೆ ರೋಗ. ಎರಡಕ್ಕೂ ಉಪಾಯಗಳು ಬೇರೆ. ನೆಟೆ ರೋಗ ಹಿಡಿದ ಮೇಲೆ ಸಿಂಪಡಿಸಿ ಫಲವಿಲ್ಲವೆಂಬುದನ್ನೂ, ಮುಂದಿನ ವರ್ಷ ಬೆಳೆ ಬದಲಿಸುವುದು, ಬೀಜಕ್ಕೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸುವುದು, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ ಬಂದ ಟಿಎಸ್-3ಆರ್‌ನಂತಹ ರೋಗ ತಾಳುವ ತಳಿಯನ್ನು ಬಿತ್ತುವುದು ದಾರಿಯೆಂಬುದನ್ನೂ ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಹೇಳಿಯೇ ಇದ್ದಾರೆ. ಮೇಲ್ವಿಚಾರಕಿ ಕೃಷಿ ವಿಜ್ಞಾನಿಯಾಗಬೇಕಾಗಿಲ್ಲ, ರೋಗನಿರ್ಣಯ ಮಾಡುವುದು ಅವಳ ಅಧಿಕಾರವೂ ಅಲ್ಲ. ಈ ಉತ್ತರ ಯಾರ ಬಳಿ ಇದೆ, ಆ ಕರಪತ್ರ ಯಾವ ವರ್ಷದ್ದು, ಅದಾದ ಮೇಲೆ ಸಲಹೆ ಬದಲಾಗಿದೆಯೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನು ಮಾಡಿದರೆ ಏನನ್ನು ವರ್ಣಿಸಬೇಕು ಎಂಬಿಷ್ಟನ್ನು ಬಲ್ಲವಳಾಗಿದ್ದರೆ ಸಾಕು. 2022ರಲ್ಲಿ ಈ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ಸಿಕ್ಕಿ ನೆಲಕಚ್ಚಿದುದನ್ನು ಕಂಡವರಿಗೆ, ಇಂತಹ ಒಬ್ಬಳು ಊರಿಗೊಬ್ಬಳಿದ್ದರೆ ಎಷ್ಟು ಮನೆಯ ಹಣ ನಿಷ್ಪ್ರಯೋಜಕ ಔಷಧಕ್ಕೆ ಸುರಿಯದೆ ಉಳಿಯುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

“ಎಲ್ಲವೂ ಫೋನಿನಲ್ಲಿಯೇ ಸಿಗುತ್ತದಲ್ಲ, ಗ್ರಂಥಪಾಲನೇಕೆ?” ಎನ್ನುವವರಿಗೆ ಇದೇ ನನ್ನ ಉತ್ತರ. ಫೋನಿನಲ್ಲಿ ಎಲ್ಲವೂ ಸಿಗುತ್ತದೆ, ಅದೇ ತೊಡಕು. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದ ತಕ್ಷಣ ನಿರರ್ಗಳವಾಗಿ, ಸಂಕೋಚವಿಲ್ಲದೆ ಉತ್ತರಿಸುತ್ತವೆ. ಆ ನಿರರ್ಗಳತೆಯಲ್ಲಿ ಯಾವುದು ಆಧಾರವುಳ್ಳದ್ದು, ಯಾವುದು ಹೆಣೆದದ್ದು ಎಂದು ಬೇರ್ಪಡಿಸಿ ನೋಡುವ ಅಭ್ಯಾಸವು ಓದಿದವರಲ್ಲಿಯೇ ಅಪರೂಪವಾಗಿರುವಾಗ, ಅದನ್ನು ವೃತ್ತಿಯನ್ನಾಗಿ ಮಾಡಿಕೊಂಡವರೊಬ್ಬರು ಊರಿನಲ್ಲಿರುವುದು ಹಿಂದೆಂದಿಗಿಂತಲೂ ಇಂದು ಅಗತ್ಯ.

ಗ್ರಂಥಪಾಲನನ್ನು ಶಾಲೆಯ ಜವಾನನಿಗಿಂತ ಒಂದು ಮೆಟ್ಟಿಲು ಮೇಲಿನವನೆಂದು ಎಣಿಸುವ ರೂಢಿ ಈ ಸೀಮೆಗೆ ಪ್ರಾಚೀನವಾದುದಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನನು ಘಟಿಕಾಸ್ಥಾನವೆಂಬ ಒಂದು ವಿದ್ಯಾಕೇಂದ್ರವನ್ನು ಸ್ಥಾಪಿಸಿದನೆಂದು 1058ರ ಶಾಸನ ಹೇಳುತ್ತದೆ. ವೇದವನ್ನೂ ಶಾಸ್ತ್ರವನ್ನೂ ಕಲಿಯುವ ವಿದ್ಯಾರ್ಥಿಗಳಿಗೆ, ಕಲಿಸುವ ಉಪಾಧ್ಯಾಯರಿಗೆ ವ್ಯವಸ್ಥೆ ಮಾಡಿದ ಆ ಶಾಸನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರೂ ಬರುತ್ತಾರೆ. ಅವರ ಜೀವನಕ್ಕೂ ಭೂಮಿಯನ್ನು ಬಿಡಲಾಗಿತ್ತು. ವಿದ್ಯಾರ್ಥಿಗಳ ಸಂಖ್ಯೆಗೆ ಹೋಲಿಸಿದರೆ ಆರು ಮಂದಿ ಪುಸ್ತಕಪಾಲಕರೆಂಬುದು ಇಂದಿನ ನಮ್ಮ ಯಾವ ಕಾಲೇಜಿಗೂ ಕನಸಿನಲ್ಲಿ ಕಾಣಸಿಗದ ಔದಾರ್ಯ. ಗತವೈಭವವನ್ನು ಎತ್ತಿ ಭಾಷಣ ಮಾಡುವುದು ನನ್ನ ಉದ್ದೇಶವಲ್ಲ. ಆ ಘಟಿಕೆಯೊಳಕ್ಕೆ ಯಾರಿಗೆ ಪ್ರವೇಶವಿತ್ತು, ಯಾರಿಗಿರಲಿಲ್ಲ ಎಂಬುದೂ ನಮಗೆ ತಿಳಿದಿರುವುದೇ. ಗಮನಿಸತಕ್ಕದ್ದಿಷ್ಟೆ: ಭಂಡಾರವನ್ನು ನಡೆಸುವುದು ಸ್ವತಂತ್ರವಾದ ವಿದ್ಯೆ, ಅದಕ್ಕೆ ಸ್ವತಂತ್ರವಾದ ಜೀವನೋಪಾಯ ಬೇಕು ಎಂಬುದನ್ನು ಒಪ್ಪಿಕೊಂಡಿದ್ದವರು ಒಮ್ಮೆ ಇಲ್ಲಿದ್ದರು.

ಆಧುನಿಕ ಕಾಲದಲ್ಲಿ ಈ ವಿದ್ಯೆಗೆ ಶಾಸ್ತ್ರದ ಸ್ವರೂಪವನ್ನು ಕೊಟ್ಟ ಎಸ್. ಆರ್. ರಂಗನಾಥನ್ ಅವರು ಮೂಲತಃ ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದ ಅವರು ಲಂಡನ್ನಿಗೆ ಹೋಗಿ ಕಲಿತು ಬಂದು, 1929ರಲ್ಲಿಯೇ ಮದರಾಸಿನಲ್ಲಿ ಗ್ರಂಥಪಾಲರಿಗೆ ತರಗತಿಗಳನ್ನು ಆರಂಭಿಸಿದರು. ಅದಕ್ಕೆ ಮೊದಲು ಬರೋಡೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಬೋರ್ಡನ್ ಎಂಬ ಪಂಡಿತರನ್ನು ಕರೆಸಿ, ತಮ್ಮ ಸಂಸ್ಥಾನದ ಪುಸ್ತಕಾಲಯಗಳಿಗಾಗಿ ಜನರನ್ನು ತಯಾರು ಮಾಡಿಸಿದ್ದರು. ಬಾಳಿನ ಕೊನೆಯ ವರ್ಷಗಳನ್ನು ರಂಗನಾಥನ್ ಅವರು ಬೆಂಗಳೂರಿನಲ್ಲಿ ಕಳೆದುದು, 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿಯೇ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದುದು, 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆ ಅವರ ಚಿಂತನೆ ಇದ್ದುದು, ಇವು ಕನ್ನಡನಾಡಿನ ಸುಯೋಗ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದಲ್ಲಿ ಮಾಹಿತಿ ಮತ್ತು ಜ್ಞಾನನಿರ್ವಹಣೆಯ ತರಬೇತಿ ನಡೆಯಿತು; ಟಿ. ಬಿ. ರಾಜಶೇಖರ್ ಅವರ ನಾಯಕತ್ವದಲ್ಲಿ 2002ರಲ್ಲಿ, ಸಂಶೋಧಕರ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ಸಾಂಸ್ಥಿಕ ಭಂಡಾರವು ಅಲ್ಲಿಂದಲೇ ಹೊರಟಿತು. ಭಾರತದಲ್ಲಿ ಅದೇ ಮೊದಲಿನದು. ಹೀಗೆ ಗ್ರಂಥಪಾಲನಿಗೆ ತಂತ್ರವಿದ್ಯೆಯನ್ನು ಕಲಿಸುವುದರಲ್ಲಿ ಕರ್ನಾಟಕವು ದೇಶಕ್ಕೆ ಮುಂದಾಳಾಗಿತ್ತು. ಆದರೆ ಆ ಮುಂದಾಳುತನವೆಲ್ಲ ಬೆಂಗಳೂರಿನಲ್ಲಿಯೇ ನಿಂತಿತು. ಗ್ರಂಥಾಲಯದ ಕಾಯಿದೆ ಮಾತ್ರ ಕಲಬುರಗಿಯವರೆಗೆ ಬಂದಿತು. ಕಾಯಿದೆಯಂತೂ ಇಲ್ಲಿಗೆ ಹೊಸದೂ ಆಗಿರಲಿಲ್ಲ: ಆಗ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಭಾಗಕ್ಕೆ, ಏಕೀಕರಣಕ್ಕೆ ಹಿಂದಿನ ವರ್ಷವೇ, 1955ರಲ್ಲಿ ಒಂದು ಗ್ರಂಥಾಲಯ ಶಾಸನವಾಗಿತ್ತು.

ತಂತ್ರಜ್ಞಾನವು ದೊಡ್ಡ ಊರಿನಿಂದ ಸಣ್ಣ ಊರಿಗೆ ಇಳಿದು ಬರುವ ವಸ್ತು ಎಂದು ನಂಬಿರುವವರಿಗೆ ಕೋಹಾ ಎಂಬ ಸಾಫ್ಟ್‌ವೇರಿನ ಕಥೆಯನ್ನು ಹೇಳಬೇಕು. ಇಂದು ನಮ್ಮ ವಿಶ್ವವಿದ್ಯಾಲಯಗಳೂ ಬಳಸುವ ಆ ಸಾಫ್ಟ್‌ವೇರು ಹುಟ್ಟಿದುದು ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಗ್ರಾಮೀಣ ಪ್ರದೇಶದ ಗ್ರಂಥಾಲಯಗಳಿಗಾಗಿ. ಅಲ್ಲಿದ್ದ ಹಳೆಯ ವ್ಯವಸ್ಥೆ 2000ನೆಯ ಇಸವಿಯನ್ನು ಅರ್ಥಮಾಡಿಕೊಳ್ಳಲಾರದೆ ನಿಂತುಹೋಗುವುದರಲ್ಲಿತ್ತು. ಹೊಸದನ್ನು ಕೊಳ್ಳಲು, ಅದಕ್ಕೆ ಬೇಕಾದ ವೇಗದ ತಂತಿಗಳಿಗೆ ಬಾಡಿಗೆ ತೆರಲು ಹಣವಿರಲಿಲ್ಲ. ಮಾಮೂಲು ದೂರವಾಣಿಯ ತಂತಿಯ ಮೇಲೆ ನಡೆಯುವಂತಹುದನ್ನು ತಂತ್ರಜ್ಞರಿಂದ ಬರೆಸಿ, 2000ದ ಜನವರಿಯಲ್ಲಿ ಬಳಕೆಗೆ ತಂದು, ಬೇಕಾದವರು ಉಚಿತವಾಗಿ ಒಯ್ಯಿರೆಂದು ಜಗತ್ತಿಗೇ ಬಿಟ್ಟುಕೊಟ್ಟರು. ತಮ್ಮ ಕೆಲಸಕ್ಕೆ ಏನು ಬೇಕೆಂಬುದನ್ನು ಖಚಿತವಾಗಿ ಹೇಳಬಲ್ಲ ಗ್ರಂಥಪಾಲರು ಆ ಹಳ್ಳಿಗಾಡಿನಲ್ಲಿ ಇದ್ದುದರಿಂದ ಅದು ಸಾಧ್ಯವಾಯಿತು.

ನಮ್ಮ ಕೆಲಸಕ್ಕೆ ಏನು ಬೇಕು? ಕಪಾಟಿನ ಮುಂದೆ ನಿಂತು ನೋಡಿದರೆ ತಿಳಿಯುತ್ತದೆ. ಷಟ್‌ಸ್ಥಲ ವಚನಗಳ ಒಂದು ಸಂಪುಟವಿದೆಯೆನ್ನಿ. ಪುಸ್ತಕಗಳನ್ನು ವರ್ಗೀಕರಿಸುವ ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಯುಂಟು; ಧರ್ಮಕ್ಕೆ 200ರ ಶ್ರೇಣಿಯುಂಟು, ಅದರಲ್ಲಿ ಬಹುಪಾಲನ್ನು ಕ್ರೈಸ್ತಮತಕ್ಕೆ ಕೊಟ್ಟು, ಭಾರತದಲ್ಲಿ ಹುಟ್ಟಿದ ಮತಗಳನ್ನೆಲ್ಲ 294ರ ಇಕ್ಕಟ್ಟಿನೊಳಗೆ ತುಂಬಲಾಗಿದೆ. ವಚನವನ್ನು ಎಲ್ಲಿಡಬೇಕು? ಸಾಹಿತ್ಯದಲ್ಲಿಟ್ಟರೆ ಶರಣರ ತತ್ತ್ವವನ್ನು ಅರಸಿ ಬಂದವನಿಗೆ ಸಿಗುವುದಿಲ್ಲ, ಧರ್ಮದಲ್ಲಿಟ್ಟರೆ ಎಂ.ಎ. ಓದುವ ಹುಡುಗಿಗೆ ಸಿಗುವುದಿಲ್ಲ. ಯಾವ ಮತದ ಅಡಿಯಲ್ಲಿಡಬೇಕೆಂಬುದು ಈ ದಿನಗಳಲ್ಲಿ ಗ್ರಂಥಪಾಲನ ತಲೆಯ ಮೇಲೆ ಹೊರಿಸಬಾರದಷ್ಟು ದೊಡ್ಡ ವಿವಾದ. ಪುಸ್ತಕವನ್ನು ಒಂದೆಡೆಯಲ್ಲಿಟ್ಟರೂ ಸೂಚಿಯಲ್ಲಿ ಹತ್ತು ದಾರಿಗಳಿಂದ ಅದು ಸಿಗುವಂತೆ ಮಾಡುವುದು ಕಂಪ್ಯೂಟರಿಗೆ ಸುಲಭ. ಆದರೆ ಆ ಹತ್ತು ದಾರಿಗಳು ಯಾವುವೆಂದು ಕಂಪ್ಯೂಟರಿಗೆ ಹೇಳಿಕೊಡುವವನು ಶರಣಸಾಹಿತ್ಯವನ್ನೂ ಬಲ್ಲವನಾಗಿರಬೇಕು, ವರ್ಗೀಕರಣವನ್ನೂ ಬಲ್ಲವನಾಗಿರಬೇಕು. ಇವೆರಡನ್ನೂ ಒಟ್ಟಿಗೆ ಕಲಿಸುವ ಪಾಠವನ್ನು ನಮ್ಮ ಪಠ್ಯಕ್ರಮಗಳಲ್ಲಿ ಹುಡುಕಬೇಕು.

ಲಿಪಿಯ ಸಂಕಟ ಇದಕ್ಕಿಂತ ಕಠಿಣವಾದುದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ, ನಮ್ಮ ಕಚೇರಿಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಬಹುಕಾಲ ಬೆರಳಚ್ಚಾದುದು ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳು ಪರದೆಯ ಮೇಲೆ ಕನ್ನಡವನ್ನು ತೋರಿಸುತ್ತವೆ. ಯಂತ್ರದ ಒಳಗೆ ಮಾತ್ರ ಇರುವುದು ಇಂಗ್ಲಿಷ್ ಅಕ್ಷರಗಳ, ಕೊಂಬು ಬಾಲಗಳ ಕಲಸುಮೇಲೋಗರ. ಹೀಗೆ ನಮೂದಾದ ಸೂಚಿಯಲ್ಲಿ ಓದುಗನು ಇಂದಿನ ಮೊಬೈಲಿನಿಂದ ‘ಬಸವಣ್ಣ’ ಎಂದು ಟೈಪಿಸಿ ಹುಡುಕಿದರೆ, ಎದುರಿನ ಕಪಾಟು ಬಸವಣ್ಣನವರ ವಚನಗಳಿಂದ ತುಂಬಿದ್ದರೂ, ಅಂತಹ ಪುಸ್ತಕ ಯಾವುದೂ ಇಲ್ಲವೆಂದು ಯಂತ್ರ ಹೇಳುತ್ತದೆ. ಇನ್ನು ಕೆಲವೆಡೆ ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ ತುಂಬಿಬಿಡುತ್ತಾರೆ; ಒಬ್ಬನು ಬರೆದ ಕಾಗುಣಿತ ಮತ್ತೊಬ್ಬನದಲ್ಲ, ಶರಣಸಿರಸಗಿ ಎಂಬ ಊರ ಹೆಸರನ್ನೇ ಎಷ್ಟು ಬಗೆಯಾಗಿ ಬರೆದಿದ್ದಾರೆಂಬುದನ್ನು ಸರ್ಕಾರಿ ಪಟ್ಟಿಗಳಲ್ಲಿ ನೋಡಿದವನಿಗೆ ಇದರ ಪರಿಣಾಮ ಹೊಳೆಯುತ್ತದೆ. ಮೂಲ ಲಿಪಿಯನ್ನೂ ರೋಮನ್ ರೂಪವನ್ನೂ ಒಂದಕ್ಕೊಂದು ಜೋಡಿಸಿಡಲು ಮಾರ್ಕ್ ಎಂಬ ಅಂತರರಾಷ್ಟ್ರೀಯ ಸೂಚೀಕರಣ ಪದ್ಧತಿಯಲ್ಲಿ 880 ಎಂಬ ಕ್ಷೇತ್ರವಿದೆ. ಅದನ್ನು ತುಂಬುವವರು ನಮ್ಮಲ್ಲಿ ಎಷ್ಟು ಮಂದಿ? ಹಾಗೆಯೇ ಪುಟ್ಟಪ್ಪನವರೇ ಕುವೆಂಪು, ಶ್ರೀರಂಗರೇ ಆದ್ಯ ರಂಗಾಚಾರ್ಯರು ಎಂಬುದನ್ನು ಯಂತ್ರಕ್ಕೆ ಒಮ್ಮೆ ತಿಳಿಸಿಟ್ಟರೆ ಎಲ್ಲ ಗ್ರಂಥಾಲಯಗಳಿಗೂ ಆದೀತು. ಹಳೆಯ ಮೈಸೂರಿನವರ ಹೆಸರಿನಲ್ಲಿ ಊರು ಮುಂದೆ, ನಮ್ಮವರ ಹೆಸರಿನಲ್ಲಿ ಪಾಟೀಲ, ಬಿರಾದಾರಗಳು ಹಿಂದೆ ಎಂಬುದಕ್ಕೂ ಒಂದು ನಿಯಮ ಮಾಡಿಕೊಂಡರೆ ಆದೀತು. ಈ ಕೆಲಸ ದೆಹಲಿಯಲ್ಲಿ ಆಗುವುದಲ್ಲ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದಲ್ಲಿಯೂ ಆಗುವುದಲ್ಲ. ಕನ್ನಡ ಬಲ್ಲ ಗ್ರಂಥಪಾಲರೇ ಕುಳಿತು ಮಾಡಬೇಕು.

ಕಲಬುರಗಿಯಲ್ಲಿ ಕನ್ನಡವೊಂದನ್ನೇ ಬಲ್ಲವನಿಗೂ ಕೆಲಸ ಪೂರ್ತಿಯಾಗದು. ನಿಜಾಮನ ಆಳ್ವಿಕೆಯ ಕಾಗದಪತ್ರಗಳು ಉರ್ದುವಿನಲ್ಲಿವೆ. ಅಜ್ಜನ ಕಾಲದ ಜಮೀನಿನ ಕಾಗದವನ್ನು ಹಿಡಿದುಕೊಂಡು ಓದಿ ಹೇಳುವವರನ್ನು ಹುಡುಕಿ ಅಲೆಯುವ ರೈತರು ಈ ಜಿಲ್ಲೆಯಲ್ಲಿ ಇಂದಿಗೂ ಇದ್ದಾರೆ. ದರ್ಗಾದ ಹಸ್ತಪ್ರತಿಗಳು ಬಲದಿಂದ ಎಡಕ್ಕೆ ಸಾಗುವ ಲಿಪಿಯವು. ಅವುಗಳ ಸೂಚಿಯನ್ನು ಮಾಡುವವನಿಗೆ ಪಾರಸಿಯ ಅರಿವೂ, ಕಾಗದದ ವಯಸ್ಸನ್ನು ಗುರುತಿಸುವ ಕಣ್ಣೂ, ಹಾಳಾಗದಂತೆ ಪ್ರತಿಬಿಂಬ ತೆಗೆಯುವ ಕ್ರಮವೂ ಗೊತ್ತಿರಬೇಕು. ಮರಾಠಿ, ತೆಲುಗು, ಲಂಬಾಣಿಗಳ ಮಾತನ್ನು ಬೇರೆ ಹೇಳಬೇಕೆ? ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೀತಾ ನಾಗಭೂಷಣ ಅವರಂತಹ ಕಾದಂಬರಿಕಾರ್ತಿ ಬಾಳಿದ ನಗರವಿದು. ಇಲ್ಲಿಯ ಲೇಖಕರ ಪುಸ್ತಕಗಳು, ಇಲ್ಲಿಯೇ ಅಚ್ಚಾಗಿ ಇಲ್ಲಿಯೇ ಮಾಯವಾಗುವ ಕಿರುಹೊತ್ತಗೆಗಳು, ಮಠಗಳ ಸ್ಮರಣಸಂಚಿಕೆಗಳು, ಮೊಹರಮ್ಮಿನ ಹೆಜ್ಜೆಮೇಳದವರ ಹಾಡುಗಳು, ಇವೆಲ್ಲವೂ ಒಂದೆಡೆ ಸಂಗ್ರಹವಾಗಿ ಸಿಗುವ ಸೂಚಿಯನ್ನು ಯಾವ ಪರದೇಶದ ಕಂಪೆನಿಯೂ ಮಾಡಿಕೊಡುವುದಿಲ್ಲ. 2025ರ ಜನವರಿಯಿಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿಯಲ್ಲಿ ಕೇಂದ್ರ ಸರ್ಕಾರವು ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುತ್ತಿದೆ. ಒಳ್ಳೆಯದೇ, ಹೊರಗಿನ ಜ್ಞಾನ ಒಳಗೆ ಬರುವ ಬಾಗಿಲು ಅಗಲವಾಯಿತು. ಒಳಗಿನದನ್ನು ಒಪ್ಪವಾಗಿ ಜೋಡಿಸಿಡುವ ಕೈಗಳನ್ನು ತಯಾರು ಮಾಡಲು ಅದರ ಶತಾಂಶದ ಶತಾಂಶ ಸಾಕಾದೀತು.

ಈಗ ಆ ಕೈಗಳ ಸ್ಥಿತಿಯನ್ನು ನೋಡೋಣ. ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ನೋಡಿಕೊಳ್ಳುವವರಿಗೆ ಗ್ರಂಥಪಾಲರೆಂಬ ಹೆಸರಿಲ್ಲ, ಅವರು ಮೇಲ್ವಿಚಾರಕರು. ಅವರಿಗೆ ಖಾಯಂ ನೌಕರರ ಸಂಬಳವೂ ಇಲ್ಲ. ಬೆಳಗ್ಗೆ ಬಾಗಿಲು ತೆಗೆದು ಕಸ ಗುಡಿಸುವುದರಿಂದ ಹಿಡಿದು, ಮಕ್ಕಳಿಗೆ ಕಥೆ ಹೇಳುವುದು, ಪತ್ರಿಕೆ ಜೋಡಿಸುವುದು, ಪರಿಗ್ರಹಣ ದಾಖಲೆ ಬರೆಯುವುದು, ಮೇಲಿನವರು ಕೇಳಿದ ಪಟ್ಟಿಯನ್ನು ಕೇಳಿದ ಗಳಿಗೆಯಲ್ಲಿ ಕಳಿಸುವುದು ಎಲ್ಲವೂ ಒಬ್ಬರದೇ. ಇತ್ತ ವಿಶ್ವವಿದ್ಯಾಲಯದಿಂದ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು ಬಂದವರು, ಡಿಜಿಟಲ್ ಭಂಡಾರ ಕಟ್ಟುವ ಡಿಸ್ಪೇಸು, ಕೋಹಾ, ಪುಸ್ತಕದ ವಿವರಗಳನ್ನು ದಾಖಲಿಸುವ ಮೆಟಾಡೇಟಾಗಳನ್ನು ಪರೀಕ್ಷೆಗಾಗಿ ಓದಿದವರು, ಕಾಲೇಜುಗಳಲ್ಲಿ ಹುದ್ದೆ ತುಂಬದಿರುವುದರಿಂದ ಅತಿಥಿಗಳಾಗಿ ದುಡಿಯುತ್ತಲೋ ಬೇರೆ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಲೋ ಕಾಲ ಕಳೆಯುತ್ತಾರೆ. ಕಲಿತವರಿಗೆ ಗ್ರಂಥಾಲಯವಿಲ್ಲ, ಗ್ರಂಥಾಲಯದಲ್ಲಿರುವವರಿಗೆ ಕಲಿಕೆಯಿಲ್ಲ. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆಯನ್ನು ಕಡ್ಡಾಯ ಮಾಡಿರುವ ನಾವು, ಗ್ರಂಥಾಲಯ ವಿಜ್ಞಾನದ ವಿಭಾಗಕ್ಕೆ ಹಳ್ಳಿಯ ಗ್ರಂಥಾಲಯವನ್ನು ಏಕೆ ಕಡ್ಡಾಯ ಮಾಡಿಲ್ಲ?

ನಾನು ಸೂಚಿಸುವುದು ಇದನ್ನೇ. ಗುಲಬರ್ಗಾ ವಿಶ್ವವಿದ್ಯಾಲಯದ ವಿಭಾಗವು ಕಲಬುರಗಿ ಮತ್ತು ಕಮಲಾಪುರ ತಾಲ್ಲೂಕುಗಳ ಅರಿವು ಕೇಂದ್ರಗಳನ್ನು ತನ್ನ ಪ್ರಯೋಗಶಾಲೆಯೆಂದು ಸ್ವೀಕರಿಸಲಿ. ಸ್ನಾತಕೋತ್ತರ ವಿದ್ಯಾರ್ಥಿಯು ತನ್ನ ಒಂದು ಸೆಮಿಸ್ಟರನ್ನು ಶರಣಸಿರಸಗಿಯಂತಹ ನಗರದಂಚಿನ ಊರಿನಲ್ಲಿಯೋ, ಕಮಲಾಪುರದ ಆಚೆಯ ಒಂದು ಹಳ್ಳಿಯಲ್ಲಿಯೋ ಕಳೆಯಲಿ. ಅಲ್ಲಿಯ ಪುಸ್ತಕಗಳನ್ನು ಯೂನಿಕೋಡ್ ಕನ್ನಡದಲ್ಲಿ ನಮೂದಿಸಲಿ, ಜನ ಏನನ್ನು ಕೇಳಿಕೊಂಡು ಬರುತ್ತಾರೆಂಬುದನ್ನು ದಿನದಿನವೂ ಬರೆದಿಡಲಿ, ಪರೀಕ್ಷೆಯ ಅಂಕ ಆ ದಿನಚರಿಯ ಮೇಲೆ ಬೀಳಲಿ. ಅದೇ ಸಮಯದಲ್ಲಿ ಮೇಲ್ವಿಚಾರಕರು ಸರದಿಯ ಮೇಲೆ ವಿಶ್ವವಿದ್ಯಾಲಯಕ್ಕೆ ಬಂದು, ಸೂಚೀಕರಣ, ಪರಾಮರ್ಶನ ಸೇವೆ, ಮಾಹಿತಿಯ ಸತ್ಯಾಸತ್ಯ ಪರಿಶೀಲನೆಗಳನ್ನು ವಾರಗಟ್ಟಲೆ ಕುಳಿತು ಕಲಿಯಲಿ. ಹಾಗೆ ಕಲಿತ ವಾರಗಳು ಕೂಡಿಕೂಡಿ ಒಂದು ಸರ್ಟಿಫಿಕೇಟು, ಮುಂದೆ ಒಂದು ಪದವಿ ಆಗುವಂತಿರಲಿ. ಪದವಿಯಾದ ಮೇಲೆ ಖಾಯಂ ಸಂಬಳ ಸಿಗುವ ದಾರಿಯೂ ಇರಲಿ. ಈ ಕೊನೆಯ ಮಾತು ಇಲ್ಲದಿದ್ದರೆ ಹಿಂದಿನವೆಲ್ಲ ವ್ಯರ್ಥ. ಕಲಿತುದಕ್ಕೆ ಯಾವ ಬೆಲೆಯೂ ಇಲ್ಲವೆಂದು ತಿಳಿದ ಮೇಲೆ ಕಲಿಯುವವನು ಊಟದ ಹೊತ್ತಿನವರೆಗೆ ಮಾತ್ರ ತರಬೇತಿಯಲ್ಲಿ ಕುಳಿತಿರುತ್ತಾನೆ, ಅವನನ್ನು ದೂರುವಂತಿಲ್ಲ.

ಇದರಲ್ಲಿ ವಿದ್ಯಾರ್ಥಿಯೇ ಗುರು, ಮೇಲ್ವಿಚಾರಕಿಯೇ ಶಿಷ್ಯೆ ಎಂದು ಯಾರೂ ತಿಳಿಯಬಾರದು. ಊರಿನಲ್ಲಿ ಯಾರ ಮನೆಯಲ್ಲಿ ಹಳೆಯ ಪುಸ್ತಕದ ಪೆಟ್ಟಿಗೆಯಿದೆ, ಯಾವ ಹುಡುಗಿಯನ್ನು ಏಳನೆಯ ತರಗತಿಯ ನಂತರ ಶಾಲೆ ಬಿಡಿಸಿದ್ದಾರೆ, ಯಾವ ಅಜ್ಜ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹತ್ತು ಜನಕ್ಕೆ ಕೇಳಿಸುತ್ತಾನೆ ಎಂಬುದನ್ನು ಅವಳು ಬಲ್ಲಳು. ಯಾವ ಮೆಟಾಡೇಟಾದಲ್ಲಿಯೂ ಬಾರದ ಈ ತಿಳಿವಳಿಕೆ ಇಲ್ಲದೆ ಪದವೀಧರನ ಶಾಸ್ತ್ರ ಕಪಾಟಿನಿಂದ ಓದುಗನವರೆಗೆ ನಡೆಯಲಾರದು.

ಹಣದ ಪ್ರಶ್ನೆ ಬಂದೇ ಬರುತ್ತದೆ. ಆಸ್ತಿತೆರಿಗೆಯ ಮೇಲೆ ಶೇಕಡ 6ರಂತೆ ಗ್ರಂಥಾಲಯ ಕರವನ್ನು ನಗರದವನೂ ಹಳ್ಳಿಯವನೂ ಕಟ್ಟುತ್ತಲೇ ಇದ್ದಾನೆ. ಅದು ಸಂಗ್ರಹವಾದರೂ ಗ್ರಂಥಾಲಯವನ್ನು ಪೂರ್ತಿಯಾಗಿ ತಲುಪುವುದಿಲ್ಲವೆಂಬುದು ರಾಜ್ಯದಾದ್ಯಂತ ಹಳೆಯ ದೂರು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ರಸ್ತೆಗೆ, ಕಟ್ಟಡಕ್ಕೆ ಕೋಟಿಗಟ್ಟಲೆ ಖರ್ಚು ಮಾಡುತ್ತದೆ. ಕಟ್ಟಡವೆಂದರೆ ಶಿಲಾಫಲಕಕ್ಕೆ ಗೋಡೆ ಸಿಗುತ್ತದೆ, ಕಲಿತ ಮೇಲ್ವಿಚಾರಕಿಯ ಮೇಲೆ ಯಾರ ಹೆಸರನ್ನೂ ಕೆತ್ತುವಂತಿಲ್ಲ, ಅದೊಂದು ನಿಜವಾದ ಅಡಚಣೆ. ಹಣಕ್ಕಿಂತಲೂ ದೊಡ್ಡ ಅಡಚಣೆ ಇನ್ನೊಂದಿದೆ. ನಗರದ ಗ್ರಂಥಾಲಯ ಶಿಕ್ಷಣ ಇಲಾಖೆಯ ಕೆಳಗೆ, ಹಳ್ಳಿಯದು ಪಂಚಾಯತ್ ರಾಜ್ ಇಲಾಖೆಯ ಕೆಳಗೆ, ವಿಶ್ವವಿದ್ಯಾಲಯ ಉನ್ನತ ಶಿಕ್ಷಣ ಇಲಾಖೆಯ ಕೆಳಗೆ. ಮೂರು ಕಡತಗಳು ಒಂದೇ ಮೇಜಿನ ಮೇಲೆ ಬರುವಂತೆ ಮಾಡಲು ಮಂತ್ರಿಗಳ ಮಟ್ಟದ ಇಚ್ಛೆ ಬೇಕು. ನಾಗಾವಿಯ ಶಾಸನವಿರುವ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆಯವರೇ 2023ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದುದರಿಂದ, ಈ ಮಾತನ್ನು ಬೆಂಗಳೂರಿನವರೆಗೆ ಒಯ್ಯಲು ನಮಗೆ ಬೇರೆ ದೂತರು ಬೇಕಾಗಿಲ್ಲ. ರಾಜ್ಯಕ್ಕೆಲ್ಲ ಒಮ್ಮೆಗೇ ಬೇಡ. ಎರಡು ತಾಲ್ಲೂಕು, ಒಂದು ವಿಶ್ವವಿದ್ಯಾಲಯ, ಎರಡು ವರ್ಷ. ಈ ಅವಧಿಯಲ್ಲಿ ಎಷ್ಟು ಪುಸ್ತಕ ಕನ್ನಡ ಲಿಪಿಯಲ್ಲಿ ಹುಡುಕಿದರೆ ಸಿಗುವಂತಾಯಿತು, ಎಷ್ಟು ಪ್ರಶ್ನೆಗೆ ಆಧಾರಸಹಿತ ಉತ್ತರ ದೊರೆಯಿತು ಎಂಬ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಓದಿ, ಮುಂದುವರಿಸಬೇಕೆ ನಿಲ್ಲಿಸಬೇಕೆ ಎಂದು ಅಲ್ಲಿಯೇ ಕೇಳಬಹುದು.